ಐದು ಹಾಡಿನ ಇಪಿ ಎಲ್ಲಿ ಸಿಗುತ್ತದೆ? ಸ್ವತಂತ್ರ ಸಂಗೀತಗಾರರ ಹೊಸ ಕಿರುಬಿಡುಗಡೆಗಳನ್ನು ಹುಡುಕುವ ಬಗೆ

ಶುಕ್ರವಾರ ಬೆಳಿಗ್ಗೆ ಫೋನಿನಲ್ಲಿ ಹೊಸದೊಂದು ಹಾಡು ಬರುತ್ತದೆ. ಹೆಸರೇ ಕೇಳಿರದ ಗಾಯಕಿ, ಮೂರು ನಿಮಿಷದ ಹಾಡು, ಕಿವಿಗೆ ಹಿಡಿಸುತ್ತದೆ. ಅಷ್ಟರಲ್ಲಿ ಮುಂದಿನ ಹಾಡು ಶುರು, ಅದು ಬೇರೆ ಯಾರದೋ. ಈಗ ಕೇಳಿದ್ದು ಐದು ಹಾಡಿನ ಇಪಿಯೊಂದರ, ಅಂದರೆ ಆಲ್ಬಮ್ಮಿಗಿಂತ ಚಿಕ್ಕದಾದ ಕಂತಿನ, ಮೂರನೆಯ ಹಾಡು, ಉಳಿದ ನಾಲ್ಕು ಅದರ ಹಿಂದೆಯೇ ಇದ್ದವು ಅನ್ನುವುದು ಹೆಚ್ಚಿನ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಕಂಪನಿಯ ಬೆಂಬಲವಿಲ್ಲದೆ ತಮ್ಮ ದುಡ್ಡಿನಲ್ಲೇ ರೆಕಾರ್ಡ್ ಮಾಡುವವರು ಸಾಮಾನ್ಯವಾಗಿ ಮೊದಲು ಹೊರತರುವುದು ಇಂಥ ಹದಿನೈದು-ಇಪ್ಪತ್ತು ನಿಮಿಷದ ಕಂತನ್ನೇ. ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲ ಹಾಡಿನ ಲೆಕ್ಕದಲ್ಲಿ ಏರುತ್ತವೆ, ನಾಲ್ಕೈದು ಹಾಡಿಗೆ ಕೈ ಖಾಲಿಯಾಗುತ್ತದೆ. ಆ್ಯಪ್‌ಗಳು ಮಾತ್ರ ಹಾಡನ್ನು ತೋರಿಸುತ್ತವೆ, ಕಂತನ್ನಲ್ಲ.

ಇಂಥವನ್ನು ಹುಡುಕುವ ದಾರಿ ಎಲ್ಲ ಪ್ರಕಾರಗಳಿಗೂ ಒಂದೇ ಅಲ್ಲ. ಒರಟು, ವೇಗದ ರಾಕ್ ನುಡಿಸುವ ಪಂಕ್ ತಂಡದ ಇಪಿ ಚಿಕ್ಕದಾಗಿರಲು ಒಂದು ಕಾರಣ, ಕುಣಿತದ ಸಂಗೀತವಾದ ಟೆಕ್ನೋದವರದು ಚಿಕ್ಕದಾಗಿರಲು ಇನ್ನೊಂದು ಕಾರಣ, ತಾಳಕ್ಕಿಂತ ವಾತಾವರಣಕ್ಕೆ ಒತ್ತು ಕೊಡುವ ಆಂಬಿಯೆಂಟ್ ಸಂಗೀತದ್ದು ಮತ್ತೊಂದು. ಯಾಕೆ ಚಿಕ್ಕದು ಅಂತ ತಿಳಿದರೆ ಎಲ್ಲಿ ಸಿಗುತ್ತದೆ ಅನ್ನುವುದು ಅರ್ಧ ತಿಳಿದ ಹಾಗೆ.

ಇಪಿ ಅಂದರೆ ಎಷ್ಟು?

ಎಕ್ಸ್‌ಟೆಂಡೆಡ್ ಪ್ಲೇ ಎಂಬುದರ ಮೊಟಕು ರೂಪ ಇಪಿ. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ನಿಮಿಷಕ್ಕೆ 45 ಸುತ್ತು ತಿರುಗುವ ಏಳಿಂಚಿನ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು, ಮಗ್ಗುಲಿಗೊಂದು ಹಾಡು. 1952ರಲ್ಲಿ ಅದೇ ಅಳತೆಯ ತಟ್ಟೆಯ ಮೇಲೆ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ಮಗ್ಗುಲಿಗೆ ಏಳೂವರೆ ನಿಮಿಷದವರೆಗೆ ಹಿಡಿಸಿದರು. ಎರಡು ಹಾಡಿದ್ದ ಕಡೆ ನಾಲ್ಕು ಬಂದವು. ನಮ್ಮಲ್ಲೂ ಅರವತ್ತು-ಎಪ್ಪತ್ತರ ದಶಕದಲ್ಲಿ ಸಿನಿಮಾ ಹಾಡುಗಳು ಈ ರೂಪದಲ್ಲಿ ಹೇರಳವಾಗಿ ಬಂದಿವೆ. ಹಳೆಯ ಮನೆಯ ಅಟ್ಟದಲ್ಲಿ ಅಂಥ ಚಿಕ್ಕ ತಟ್ಟೆ ಸಿಕ್ಕರೆ ಲಕೋಟೆ ತಿರುವಿ ನೋಡಿ: ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡಿನ ಹೆಸರುಗಳಿರುವುದೇ ಹೆಚ್ಚು.

ಈಗ ತಟ್ಟೆಯ ಅಳತೆ ಇಲ್ಲ, ಅಂಗಡಿಯ ಲೆಕ್ಕ ಇದೆ. ಆಪಲ್ ಮ್ಯೂಸಿಕ್ ಪಾಲಿಸುವ ಲೆಕ್ಕ ಹೀಗೆ: ನಾಲ್ಕರಿಂದ ಆರು ಹಾಡು, ಒಟ್ಟು 30 ನಿಮಿಷ ಮೀರದಿದ್ದರೆ ಇಪಿ. ಒಂದರಿಂದ ಮೂರು ಹಾಡು, ಪ್ರತಿಯೊಂದೂ ಹತ್ತು ನಿಮಿಷದೊಳಗಿದ್ದರೆ ಸಿಂಗಲ್. ಅದೇ ಒಂದರಿಂದ ಮೂರರಲ್ಲಿ ಒಂದಾದರೂ ಹತ್ತು ನಿಮಿಷ ಅಥವಾ ಅದಕ್ಕಿಂತ ಉದ್ದವಾಗಿದ್ದು, ಒಟ್ಟು 30 ನಿಮಿಷದೊಳಗಿದ್ದರೆ ಅದೂ ಇಪಿ. ಏಳು ಹಾಡಾದರೆ ಆಲ್ಬಂ. ಸ್ಪಾಟಿಫೈ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಈ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದು ಹುಡುಕುವವರಿಗೆ ಬಹಳ ಮುಖ್ಯ. ವಾಷಿಂಗ್ಟನ್ನಿನ ಹಾರ್ಡ್‌ಕೋರ್ ಪಂಕ್ ತಂಡ ಮೈನರ್ ಥ್ರೆಟ್ 1981ರಲ್ಲಿ ಡಿಸ್ಕಾರ್ಡ್ ಎಂಬ ಲೇಬಲ್ಲಿನಿಂದ (ಸಂಗೀತ ಹೊರತರುವ ಸಂಸ್ಥೆಯಿಂದ) ತಂದ ಮೊದಲ ಏಳಿಂಚಿನ ತಟ್ಟೆಯಲ್ಲಿ ಎಂಟು ಹಾಡು, ಎಲ್ಲ ಸೇರಿ ಒಂಬತ್ತು ನಿಮಿಷ ಚಿಲ್ಲರೆ. ಯಾರು ನೋಡಿದರೂ ಅದು ಇಪಿಯೇ. ಆದರೆ ಹಾಡಿನ ಸಂಖ್ಯೆ ಎಣಿಸುವ ನಿಯಮಕ್ಕೆ ಅದು ಆಲ್ಬಂ. ಇನ್ನೊಂದು ತುದಿಯಲ್ಲಿ, ಹಿಂದೂಸ್ತಾನಿ ಗಾಯಕರೊಬ್ಬರು ಒಂದೇ ರಾಗವನ್ನು 28 ನಿಮಿಷ ಹಾಡಿ ಬಿಡುಗಡೆ ಮಾಡಿದರೆ ಅಂಗಡಿ ಅದರ ಮೇಲೆ ಇಪಿ ಎಂಬ ಚೀಟಿ ಅಂಟಿಸುತ್ತದೆ. ಅದೇ ರಾಗ 31 ನಿಮಿಷಕ್ಕೆ ಬೆಳೆದರೆ ಆಲ್ಬಂ. ಹಾಗಾಗಿ ಇಪಿ ಎಂಬ ಫಿಲ್ಟರ್ ಒತ್ತಿ ಹುಡುಕಿದರೆ ಪಂಕ್, ಹಿಪ್‌ಹಾಪ್ ಬೀಟ್ ಟೇಪ್‌ಗಳಂಥವು (ಹಾಡಿಲ್ಲದ ಪುಟ್ಟ ತಾಳದ ತುಣುಕುಗಳ ಸಂಗ್ರಹಗಳು) ಬಲೆಯಿಂದ ತಪ್ಪಿಸಿಕೊಳ್ಳುತ್ತವೆ. ಒಟ್ಟು ಅವಧಿ 30 ನಿಮಿಷದೊಳಗಿದೆಯೇ ಎಂದು ನೋಡುವುದೇ ಹೆಚ್ಚು ನಂಬಬಹುದಾದ ಅಳತೆ.

ಆ್ಯಪ್ ಯಾಕೆ ಅಡಗಿಸುತ್ತದೆ

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್ ಮೂರರಲ್ಲೂ ಕಲಾವಿದರ ಪುಟದಲ್ಲಿ ಸಿಂಗಲ್ ಮತ್ತು ಇಪಿ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ವರ್ಷಕ್ಕೆ ಎಂಟು ಸಿಂಗಲ್ ಬಿಡುವವರ ಪುಟದಲ್ಲಿ ಒಂದೇ ಒಂದು ಇಪಿ ಹೂತುಹೋಗುವುದು ಸಹಜ.

ಅದರ ಮೇಲೆ ವಾಟರ್‌ಫಾಲ್ ಎಂಬ ಬಿಡುಗಡೆಯ ಪದ್ಧತಿ ಬೇರೆ. ಅದು ನಡೆಯುವುದು ಹೀಗೆ. ಕಲಾವಿದೆಯ ಕೈಯಲ್ಲಿ ನಾಲ್ಕು ಹಾಡಿವೆ. ಜನವರಿಯಲ್ಲಿ ಒಂದನೆಯದನ್ನು ಬಿಡುತ್ತಾಳೆ. ಫೆಬ್ರವರಿಯಲ್ಲಿ ಎರಡನೆಯದು ಬರುತ್ತದೆ, ಅದರ ಕೆಳಗೆ ಒಂದನೆಯದೂ ಇರುತ್ತದೆ. ಮಾರ್ಚಿಯಲ್ಲಿ ಮೂರು. ಏಪ್ರಿಲ್‌ನಲ್ಲಿ ನಾಲ್ಕೂ ಸೇರಿ ಇಪಿ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಹಾಡು ಎಷ್ಟು ಬಿಡುಗಡೆಗಳಲ್ಲಿ ಸೇರಿದರೂ ಆ ಸಂಖ್ಯೆ ಬದಲಾಗದಿದ್ದರೆ, ಹಿಂದೆ ಕೂಡಿದ ಕೇಳುಗರ ಲೆಕ್ಕ ಹೊಸ ಬಿಡುಗಡೆಗೂ ಬರುತ್ತದೆ. ಕಲಾವಿದರು ಹೀಗೆ ಮಾಡಲು ಇನ್ನೊಂದು ಕಾರಣವೂ ಇದೆ: ಹಾಡುಪಟ್ಟಿ ಕಟ್ಟುವ ಸ್ಪಾಟಿಫೈ ಸಂಪಾದಕರ ಮುಂದೆ ಒಂದು ಬಿಡುಗಡೆಯಿಂದ ಒಂದೇ ಹಾಡನ್ನು ಇಡಬಹುದು, ಅದನ್ನೂ ಕನಿಷ್ಠ ಏಳು ದಿನ ಮೊದಲೇ ಕಳಿಸಿದರೆ ಮಾತ್ರ ಆ ಹಾಡು ಹಿಂಬಾಲಕರಿಗೆ ವಾರವಾರ ಹೊಸ ಹಾಡು ತೋರಿಸುವ ರಿಲೀಸ್ ರೇಡಾರ್ ಪಟ್ಟಿಗೆ ಖಚಿತವಾಗಿ ಸೇರುತ್ತದೆ. ನಾಲ್ಕು ಹಾಡನ್ನು ಒಟ್ಟಿಗೆ ಬಿಟ್ಟರೆ ಒಂದೇ ಅವಕಾಶ, ಬಿಡಿಬಿಡಿಯಾಗಿ ಬಿಟ್ಟರೆ ನಾಲ್ಕು.

ಕೇಳುಗರಿಗೆ ಇದರಿಂದ ಆಗುವ ತೊಂದರೆ: ಏಪ್ರಿಲ್‌ನಲ್ಲಿ ಇಪಿ ಬಂದಾಗ 'ಇದೆಲ್ಲ ಕೇಳಿದ್ದೇ' ಎಂದು ದಾಟಿಬಿಡುತ್ತೀರಿ. ಹಾಗೆ ಮಾಡಬೇಡಿ. ಹಾಡುಗಳ ಸರದಿ ಇಪಿಯಲ್ಲಿ ಬದಲಾಗಿರುತ್ತದೆ, ಬಿಡಿಯಾಗಿ ಬರದ ಒಂದು ಹಾಡು ಸಾಮಾನ್ಯವಾಗಿ ಕೊನೆಯಲ್ಲಿ ಕೂತಿರುತ್ತದೆ. ಅನೇಕ ಸಲ ಅದೇ ಇಡೀ ಕಂತಿನ ತಿರುಳು.

ಆದ್ದರಿಂದ ರಿಲೀಸ್ ರೇಡಾರನ್ನು ಹಾಡಿನ ಪಟ್ಟಿಯಂತೆ ಕೇಳದೆ ಸೂಚಿಯಂತೆ ಬಳಸಿ. ಅದು ಪ್ರತಿ ಶುಕ್ರವಾರ ಬದಲಾಗುತ್ತದೆ. 2015ರ ಜುಲೈ 10ರಿಂದ ಜಗತ್ತಿನ ಹೆಚ್ಚಿನ ಕಡೆ ಹೊಸ ಸಂಗೀತದ ದಿನ ಶುಕ್ರವಾರವೇ. ಇಷ್ಟವಾದ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿ, ಆಲ್ಬಮ್‌ಗೆ ಹೋಗುವ ಆಯ್ಕೆ ಹಿಡಿದು, ಎಷ್ಟು ಹಾಡಿವೆ, ಒಟ್ಟು ಎಷ್ಟು ನಿಮಿಷ ಎಂದು ನೋಡಿ. ಕಲಾವಿದರನ್ನು ಫಾಲೋ ಮಾಡದೆ ಬರೀ ಹಾಡಿಗೆ ಲೈಕ್ ಒತ್ತಿದರೆ ಮುಂದಿನ ಬಿಡುಗಡೆ ಕಣ್ಣಿಗೆ ಬೀಳುವ ಖಾತರಿ ಇಲ್ಲ.

ಸ್ಪಾಟಿಫೈ ಹುಡುಕುಪೆಟ್ಟಿಗೆಯಲ್ಲಿ ಎರಡು ಗುಟ್ಟಿನ ಕೀಲಿಗಳೂ ಇವೆ. ಟ್ಯಾಗ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಡದೆ ಕೋಲನ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ನ್ಯೂ ಎಂದು ಬರೆದರೆ ಕಳೆದ ಎರಡು ವಾರದಲ್ಲಿ ಬಂದ ಆಲ್ಬಂ-ಇಪಿಗಳು ಸಿಗುತ್ತವೆ. ನ್ಯೂ ಬದಲು ಹಿಪ್‌ಸ್ಟರ್ ಎಂದು ಬರೆದರೆ ಜನಪ್ರಿಯತೆಯಲ್ಲಿ ಕೆಳಗಿನ ಶೇ. 10ರವು. ಜೊತೆಗೆ ಪ್ರಕಾರದ ಹೆಸರನ್ನೋ ವರ್ಷವನ್ನೋ ಸೇರಿಸಬಹುದು. ಫೋನಿಗಿಂತ ಕಂಪ್ಯೂಟರಿನಲ್ಲಿ ಈ ಕೆಲಸ ಸಲೀಸು.

ಪ್ರಕಾರಕ್ಕೊಂದು ದಾರಿ

ಟೆಕ್ನೋ, ಹೌಸ್, ಡ್ರಮ್ ಆ್ಯಂಡ್ ಬೇಸ್ ಮುಂತಾದ ಕುಣಿತದ ಸಂಗೀತದಲ್ಲಿ ಇಪಿಯೇ ಮೂಲ ರೂಪ, ಆಲ್ಬಂ ಅಪರೂಪ. ಹನ್ನೆರಡಿಂಚಿನ ತಟ್ಟೆಯಲ್ಲಿ ಮಗ್ಗುಲಿಗೆ ಒಂದೋ ಎರಡೋ ಟ್ರ್ಯಾಕ್ ಇಟ್ಟರೆ ಗೆರೆಗಳಿಗೆ ಅಗಲ ಜಾಗ ಸಿಗುತ್ತದೆ. ಆಳದ ಬೇಸ್ ಸೂಜಿಯನ್ನು ಹಾರಿಸದೆ ಜೋರಾಗಿ ಕೇಳಬೇಕಾದರೆ ಆ ಅಗಲ ಬೇಕು. ಒಂದೊಂದು ಟ್ರ್ಯಾಕ್ ಐದರಿಂದ ಎಂಟು ನಿಮಿಷ, ಯಾಕೆಂದರೆ ಡಿಜೆ ಹಿಂದಿನದಕ್ಕೂ ಮುಂದಿನದಕ್ಕೂ ಬೆಸೆಯಲು ಆರಂಭ-ಅಂತ್ಯದಲ್ಲಿ ಬರೀ ತಾಳದ ಭಾಗ ಇರಬೇಕು. ಇಲ್ಲಿ ಕಲಾವಿದರ ಹೆಸರಿಗಿಂತ ಲೇಬಲ್ಲಿನ ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ಸಣ್ಣ ಲೇಬಲ್ ವರ್ಷಕ್ಕೆ ನಾಲ್ಕೈದು ಇಪಿ ತರುತ್ತದೆ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುತ್ತದೆ. ಒಂದು ಇಪಿ ಹಿಡಿಸಿದರೆ ಅದರ ಹಿಂದಿನ, ಮುಂದಿನ ಸಂಖ್ಯೆಗಳನ್ನು ಕೇಳಿ. ಡಿಸ್ಕಾಗ್ಸ್ ಎಂಬ ದತ್ತಕೋಶದಲ್ಲಿ ಲೇಬಲ್ ಪುಟ ತೆರೆದರೆ ಇಡೀ ಸಾಲು ಸಂಖ್ಯೆಯ ಕ್ರಮದಲ್ಲಿ ಸಿಗುತ್ತದೆ. ಬೆಂಗಳೂರಿನ ಕನ್ಸಾಲಿಡೇಟ್ ಎಂಬ ಕೂಟದಂಥ ಚಿಕ್ಕ ಲೇಬಲ್‌ಗಳನ್ನು ಹಿಡಿದರೂ ಇದೇ ರೀತಿ ಒಂದರಿಂದ ಒಂದಕ್ಕೆ ಹೋಗಬಹುದು.

ಎರಡನೆಯ ದಾರಿ ಡಿಜೆ ಮಿಕ್ಸ್‌ಗಳದು. ಲಂಡನ್ನಿನಲ್ಲಿ 2011ರಲ್ಲಿ ಶುರುವಾದ ಎನ್‌ಟಿಎಸ್ ಅಂತರ್ಜಾಲ ರೇಡಿಯೋದ ಬಹಳಷ್ಟು ಕಾರ್ಯಕ್ರಮಗಳ ಕೆಳಗೆ ಟ್ರ್ಯಾಕ್ ಪಟ್ಟಿ ಇರುತ್ತದೆ. ದೆಹಲಿಯ ಬಾಕ್ಸ್‌ಔಟ್ ಎಫ್‌ಎಂ ಕೂಡ ಇದೇ ಜಾತಿಯದು. ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಬರೀ 'ಐಡಿ' ಎಂದಿದ್ದರೆ ಆ ಟ್ರ್ಯಾಕ್ ಇನ್ನೂ ಹೊರಬಂದಿಲ್ಲ, ಅಥವಾ ಗುಟ್ಟಾಗಿಟ್ಟಿದ್ದಾರೆ ಎಂದರ್ಥ. ಅದರ ಬೆನ್ನು ಹತ್ತಿ ಹೊತ್ತು ಕಳೆಯಬೇಡಿ. ಎರಡು-ಮೂರು ಡಿಜೆಗಳ ಪಟ್ಟಿಯಲ್ಲಿ ಒಂದೇ ಇಪಿ ಕಂಡರೆ ಮಾತ್ರ ಗುರುತು ಹಾಕಿಕೊಳ್ಳಿ.

ಪಂಕ್ ಮತ್ತು ಮೆಟಲ್‌ನಲ್ಲಿ ಹುಡುಕಬೇಕಾದ ಪದ ಇಪಿ ಅಲ್ಲ, 'ಡೆಮೊ'. ಹೊಸ ತಂಡದ ಮೊದಲ ಮೂರು-ನಾಲ್ಕು ಹಾಡಿನ ಒರಟು ಧ್ವನಿಮುದ್ರಣಕ್ಕೆ ಆ ಹೆಸರು. ಎರಡು ತಂಡಗಳು ಮಗ್ಗುಲು ಹಂಚಿಕೊಂಡರೆ ಅದು 'ಸ್ಪ್ಲಿಟ್'. ಮೆಚ್ಚಿದ ತಂಡದ ಸ್ಪ್ಲಿಟ್ ಕೇಳಿದರೆ ಅವರೇ ಆರಿಸಿಕೊಂಡ ಇನ್ನೊಂದು ತಂಡ ಪುಕ್ಕಟೆಯಾಗಿ ಪರಿಚಯವಾಗುತ್ತದೆ. ಇದಕ್ಕಿಂತ ನೆಚ್ಚಬಹುದಾದ ಶಿಫಾರಸು ಇನ್ನೊಂದಿಲ್ಲ. ಮೆಟಲ್‌ಗೆ ಮೆಟಲ್ ಆರ್ಕೈವ್ಸ್ ಎಂಬ ವಿಶ್ವಕೋಶ 2002ರಿಂದ ಇದೆ. ಅದರ ವಿಸ್ತೃತ ಹುಡುಕಾಟದಲ್ಲಿ ಬಿಡುಗಡೆಯ ಬಗೆ ಎಂಬಲ್ಲಿ ಇಪಿ, ಡೆಮೊ, ಸ್ಪ್ಲಿಟ್ ಮೂರನ್ನೂ ಆರಿಸಿ, ದೇಶ ಭಾರತ ಎಂದು ಹಾಕಿ, ತಾರೀಖಿನ ಮಿತಿಯನ್ನು ಕಳೆದ ಆರು ತಿಂಗಳಿಗೆ ಇಟ್ಟರೆ ಒಂದು ಸಂಜೆಗೆ ಸಾಕಾಗುವಷ್ಟು ಪಟ್ಟಿ ಸಿಗುತ್ತದೆ. ಮುಂಬಯಿಯ ಟ್ರಾನ್ಸೆಂಡಿಂಗ್ ಅಬ್ಸ್ಕ್ಯೂರಿಟಿ ಲೇಬಲ್ ಹೊರದೇಶದ ತಂಡಗಳನ್ನೂ ತರುತ್ತದೆ, ಅದರ ಪುಟ ನೋಡುತ್ತಿರಿ.

ಆಂಬಿಯೆಂಟ್, ಒಂದೇ ನಾದವನ್ನು ಎಳೆಯುವ ಡ್ರೋನ್, ಗದ್ದಲವನ್ನೇ ಸಂಗೀತವಾಗಿಸುವ ನಾಯ್ಸ್ ಸಂಗೀತದವರು ಈಗಲೂ ಕ್ಯಾಸೆಟ್ ಬಿಡುತ್ತಾರೆ, ಐವತ್ತೋ ನೂರೋ ಪ್ರತಿ. ಸಿ-20, ಸಿ-30 ಎಂಬ ಅಳತೆಯಂತೆ ಮಗ್ಗುಲಿಗೆ ಹತ್ತು ಇಲ್ಲವೇ ಹದಿನೈದು ನಿಮಿಷದ ಒಂದೇ ತುಣುಕು. ಇವನ್ನು ಹುಡುಕುವಾಗ ಕ್ಯಾಸೆಟ್ ಎಂಬ ಫಾರ್ಮ್ಯಾಟ್ ಫಿಲ್ಟರೇ ಸಾಕು, ಪ್ರಕಾರದ ಹೆಸರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಿಪ್‌ಹಾಪ್‌ನಲ್ಲಿ ಹಾಡಿನ ಹೆಸರಿನ ಪಕ್ಕ ಬೀಟ್ ಮಾಡಿದವರ ಹೆಸರು ಇರುತ್ತದೆ. ರ್‍ಯಾಪರ್ ಬದಲು ಆ ಹೆಸರನ್ನು ಹಿಂಬಾಲಿಸಿ. ಒಬ್ಬ ಬೀಟ್ ಮೇಕರ್ ವರ್ಷದಲ್ಲಿ ಹಲವು ಹೊಸ ರ್‍ಯಾಪರ್‌ಗಳೊಂದಿಗೆ ಕೆಲಸ ಮಾಡಿರುತ್ತಾರೆ. ಸೌಂಡ್‌ಕ್ಲೌಡ್‌ನಲ್ಲಿ ಅವರು ರೀಪೋಸ್ಟ್ ಮಾಡಿದ ಪಟ್ಟಿ, ಲೈಕ್ ಒತ್ತಿದ ಪಟ್ಟಿ ಎಲ್ಲರಿಗೂ ಕಾಣುತ್ತವೆ. ದೆಹಲಿಯಲ್ಲಿ 2017ರಲ್ಲಿ ಶುರುವಾದ ಆಜಾದಿ ರೆಕಾರ್ಡ್ಸ್‌ನಂಥ ಲೇಬಲ್ಲುಗಳ ಪುಟವೂ ಇದಕ್ಕೆ ಒಳ್ಳೆಯ ಬಾಗಿಲು.

ರಾಕ್, ಜಾನಪದ ಛಾಯೆಯ ಹಾಡು, ಗಿಟಾರ್ ಹಿಡಿದು ಒಬ್ಬರೇ ಹಾಡುವವರು ಇವರಲ್ಲಿ ಇಪಿ ಎಂದರೆ ಮುಂದಿನ ಆಲ್ಬಮ್ಮಿನ ಮುನ್ನುಡಿ. ಬೆಂಗಳೂರಿನ ಪರ್ವಾಜ್ ತಂಡ 2012ರಲ್ಲಿ ಇಪಿ ತಂದು 2014ರಲ್ಲಿ ಆಲ್ಬಮ್ಮಿಗೆ ಬಂದದ್ದು ಇದೇ ಹಾದಿಯಲ್ಲಿ. ಇಂಥವರನ್ನು ಹಿಡಿಯುವ ಜಾಗ ಸಂಗೀತ ಕಾರ್ಯಕ್ರಮದ ಪೋಸ್ಟರು. ಅರುಣಾಚಲದಲ್ಲಿ 2012ರಿಂದ ನಡೆಯುತ್ತಿರುವ ಜೀರೋ ಉತ್ಸವದ ಪೋಸ್ಟರ್ ತೆಗೆದುಕೊಳ್ಳಿ, ಮೇಲಿನ ದೊಡ್ಡ ಅಕ್ಷರಗಳನ್ನು ಬಿಟ್ಟು ಕೆಳಗಿನ ಎರಡು ಸಾಲಿನ ಹೆಸರುಗಳನ್ನು ಬರೆದುಕೊಳ್ಳಿ. ನಿಮ್ಮ ಊರಿನ ಕಾರ್ಯಕ್ರಮಗಳಲ್ಲಿ ಮುಖ್ಯ ತಂಡಕ್ಕಿಂತ ಮೊದಲು ಅರ್ಧ ಗಂಟೆ ನುಡಿಸುವವರ ಹೆಸರೂ ಹಾಗೆಯೇ. ಅವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಇಪಿ ಇರುತ್ತದೆ.

ಬ್ಯಾಂಡ್‌ಕ್ಯಾಂಪ್ ಜಾಲಾಡುವುದು

ಎಲ್ಲ ಪ್ರಕಾರಗಳಿಗೂ ಹೊಂದುವ ಒಂದೇ ಜಾಗ ಹೇಳಿ ಎಂದರೆ ಬ್ಯಾಂಡ್‌ಕ್ಯಾಂಪ್. 2008ರಲ್ಲಿ ಶುರುವಾದ ಈ ತಾಣದಲ್ಲಿ ಕಲಾವಿದರು ತಾವೇ ಅಪ್‌ಲೋಡ್ ಮಾಡಿ, ತಾವೇ ಬೆಲೆ ಇಡುತ್ತಾರೆ. ಇಲ್ಲಿ ಇಪಿ ಎಂಬ ವರ್ಗವೇ ಇಲ್ಲ, ಆಲ್ಬಂ ಮತ್ತು ಟ್ರ್ಯಾಕ್ ಎರಡೇ. ಆದ್ದರಿಂದ ಕಲಾವಿದರು ತಾವಾಗಿ ಬರೆದ ಇಪಿ ಎಂಬ ಟ್ಯಾಗನ್ನು ನೆಚ್ಚಬೇಕು.

ಡಿಸ್ಕವರ್ ಪುಟಕ್ಕೆ ಹೋಗಿ ಪ್ರಕಾರ ಆರಿಸಿ. ತಾನಾಗಿ ಬರುವ ವಿಂಗಡಣೆ ಹೆಚ್ಚು ಮಾರಾಟವಾದವುಗಳದ್ದಾಗಿದ್ದರೆ ಅದನ್ನು ಹೊಸದಾಗಿ ಬಂದವು ಎಂದು ಬದಲಿಸಿ. ಈ ಒಂದು ಗುಂಡಿ ಬದಲಿಸದೆ 'ಎಲ್ಲ ಗೊತ್ತಿರುವವರೇ' ಎಂದು ವಾಪಸಾದವರು ಬಹಳ. ಆಮೇಲೆ ಊರು. ಕಲಾವಿದರು ಬರೆದುಕೊಂಡ ಊರಿನ ಹೆಸರೂ ಒಂದು ಟ್ಯಾಗ್ ಆಗುತ್ತದೆ. ಬೆಂಗಳೂರನ್ನು ಇಂಗ್ಲಿಷಿನ ಹಳೆಯ ಕಾಗುಣಿತದಲ್ಲಿ ಒಮ್ಮೆ, ಹೊಸ ಕಾಗುಣಿತದಲ್ಲಿ ಒಮ್ಮೆ ಹುಡುಕಬೇಕು, ಎರಡೂ ಬೇರೆ ಬೇರೆ ಪಟ್ಟಿ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೂ ಇದೇ ಮಾತು.

ಇಷ್ಟವಾದ ಇಪಿಯೊಂದು ಸಿಕ್ಕ ಮೇಲೆ ಅಸಲು ಕೆಲಸ ಶುರು. ಮುಖಪುಟ ಚಿತ್ರದ ಕೆಳಗೆ ಅದನ್ನು ಕೊಂಡವರ ಪುಟ್ಟ ಚೌಕ ಚಿತ್ರಗಳು ಸಾಲಾಗಿ ಇರುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿ ದುಡ್ಡು ಕೊಟ್ಟು ಕೊಂಡ ಇಡೀ ಸಂಗ್ರಹ ತೆರೆದುಕೊಳ್ಳುತ್ತದೆ. ಹತ್ತಿಪ್ಪತ್ತು ಬಿಡುಗಡೆಗಳ ಪುಟ್ಟ ಸಂಗ್ರಹವೂ ಬೇಡ, ಐದು ಸಾವಿರದ್ದೂ ಬೇಡ. ನೂರರಿಂದ ಐನೂರರೊಳಗಿನದನ್ನು ಆರಿಸಿ, ಅದರಲ್ಲಿ ನಿಮಗೆ ಮೊದಲೇ ಗೊತ್ತಿರುವ ಮೂರು ಹೆಸರಾದರೂ ಇವೆಯೇ ನೋಡಿ. ಇದ್ದರೆ ಆ ವ್ಯಕ್ತಿಯನ್ನು ಫಾಲೋ ಮಾಡಿ, ಅವರು ಮುಂದೆ ಕೊಳ್ಳುವುದು ನಿಮ್ಮ ಫೀಡ್‌ನಲ್ಲಿ ಕಾಣುತ್ತದೆ. ಇಂಥ ಹತ್ತು ಜನ ಸಿಕ್ಕರೆ ಯಾವ ಅಲ್ಗಾರಿದಂ ಕೂಡ ಅವರಿಗೆ ಸಮವಲ್ಲ. ದುಡ್ಡು ತೆತ್ತ ಕಿವಿ ಸುಳ್ಳು ಹೇಳುವುದು ಕಡಿಮೆ.

ಎಡವುವ ಜಾಗಗಳು ಎರಡು. ಹೊಸದಾಗಿ ಬಂದವು ಎಂಬ ಸಾಲಿನಲ್ಲಿ 2009ರ ಡೆಮೊ ಇವತ್ತು ಅಪ್‌ಲೋಡ್ ಆಗಿ ನಿಂತಿರಬಹುದು. ವಿವರಣೆಯ ಕೆಳಗೆ ಬಿಡುಗಡೆಯ ತಾರೀಖು ಇರುತ್ತದೆ, ನೋಡಿ. ಇನ್ನೊಂದು ಮುಂಗಡ ಮಾರಾಟ: ಐದರಲ್ಲಿ ಒಂದೋ ಎರಡೋ ಹಾಡು ಮಾತ್ರ ಕೇಳಲು ಬರುತ್ತಿದ್ದರೆ ಅದು ಇನ್ನೂ ಪೂರ್ತಿ ಬಂದಿಲ್ಲ. ಕಲಾವಿದರನ್ನು ಫಾಲೋ ಮಾಡಿಡಿ, ಬಂದ ದಿನ ಇಮೇಲ್ ಬರುತ್ತದೆ.

ದತ್ತಕೋಶಗಳ ಪೈಕಿ ಎರಡು ಹೆಸರು ಸಾಕು. ರೇಟ್ ಯುವರ್ ಮ್ಯೂಸಿಕ್‌ನ ಚಾರ್ಟ್ ಪುಟದಲ್ಲಿ ಬಗೆ ಇಪಿ, ವರ್ಷ ಈ ವರ್ಷ, ಪ್ರಕಾರ ನಿಮಗೆ ಬೇಕಾದ್ದು ಎಂದು ಹಾಕಬಹುದು. ಅಲ್ಲಿ ಎಸೊಟೆರಿಕ್ ಎಂಬ ಆಯ್ಕೆ ಒತ್ತಿದರೆ ಹೆಚ್ಚು ಜನ ಕೇಳಿರದವು ಮುಂದೆ ಬರುತ್ತವೆ. ಲಿಸನ್‌ಬ್ರೇನ್ಸ್‌ನಲ್ಲಿ ಹೊಸ ಬಿಡುಗಡೆಗಳ ಪುಟವೊಂದಿದೆ, ಅದು ಆಲ್ಬಂ, ಸಿಂಗಲ್, ಇಪಿಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲದು. ಸಾವಿರಾರು ಪ್ರಕಾರಗಳ ನಕ್ಷೆಯಂತಿದ್ದ ಎವ್ರಿ ನಾಯ್ಸ್ ಅಟ್ ಒನ್ಸ್, ಅದನ್ನು ಮಾಡಿದವರು 2023ರ ಡಿಸೆಂಬರಿನಲ್ಲಿ ಸ್ಪಾಟಿಫೈಯಿಂದ ಹೊರಬಿದ್ದ ಮೇಲೆ ಹಳತಾಗಿ ನಿಂತಿದೆ. ಪ್ರಕಾರಗಳ ಹೆಸರು ಕಲಿಯಲು ಚೆನ್ನ, ಹೊಸದನ್ನು ಹುಡುಕಲು ಅಲ್ಲ.

ಕನ್ನಡದ ಕಂತುಗಳು

ಇಲ್ಲಿ ಮೊದಲ ತೊಡಕು ಕಾಗುಣಿತ. ಅಂಗಡಿಗಳಲ್ಲಿ ಕನ್ನಡ ಹಾಡುಗಳ ಹೆಸರು ಬಹುಪಾಲು ರೋಮನ್ ಅಕ್ಷರದಲ್ಲಿರುತ್ತವೆ. ಮಳೆ ಎಂಬುದನ್ನು ಎಂ-ಎ-ಎಲ್-ಇ ಎಂದು ಬರೆದರೆ ಇಂಗ್ಲಿಷಿನ ಗಂಡಸು ಬಂದು ಕೂರುತ್ತಾನೆ. ಹಾಡು ಎಂಬುದಕ್ಕೆ ಒಂದು 'ಎ' ಹಾಕಿದವರೂ ಇದ್ದಾರೆ, ಎರಡು ಹಾಕಿದವರೂ ಇದ್ದಾರೆ. ಆದ್ದರಿಂದ ಒಂದೇ ಪದವನ್ನು ಮೂರು ಬಗೆಯಲ್ಲಿ ಹುಡುಕಿ: ಕನ್ನಡ ಲಿಪಿಯಲ್ಲಿ ಒಮ್ಮೆ, ಒಂಟಿ ಸ್ವರದಲ್ಲಿ ಒಮ್ಮೆ, ಜೋಡಿ ಸ್ವರದಲ್ಲಿ ಒಮ್ಮೆ. ಇನ್ನೊಂದು ತೊಡಕು, ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರ ಫಾರಂ ತುಂಬುವಾಗ ಭಾಷೆ ಎಂಬಲ್ಲಿ ಇಂಗ್ಲಿಷ್ ಎಂದೇ ಬಿಟ್ಟುಬಿಡುವುದು. ಆಗ ಆ ಹಾಡು ಕನ್ನಡದ ಪಟ್ಟಿಗಳಿಗೆ ಸೇರುವ ಸಂಭವ ತಗ್ಗುತ್ತದೆ.

ಇದಕ್ಕೆ ಯೂಟ್ಯೂಬಿನಲ್ಲಿ ಒಂದು ಒಳದಾರಿ ಇದೆ. ವಿತರಕರ ಮೂಲಕ ಬಂದ ಹಾಡುಗಳಿಗೆ ಯೂಟ್ಯೂಬ್ ತಾನೇ ಒಂದು ವಿಡಿಯೊ ಮಾಡುತ್ತದೆ: ನಿಶ್ಚಲವಾದ ಮುಖಪುಟ ಚಿತ್ರ, ಚಾನೆಲ್ ಹೆಸರಿನ ಕೊನೆಗೆ ಟಾಪಿಕ್ ಎಂಬ ಪದ. ಅದರ ವಿವರಣೆ ಬಿಡಿಸಿ ನೋಡಿ. ಮೊದಲ ಸಾಲು 'ಪ್ರೊವೈಡೆಡ್ ಟು ಯೂಟ್ಯೂಬ್ ಬೈ' ಎಂದು ಶುರುವಾಗಿ ವಿತರಕರ ಹೆಸರಿನಿಂದ ಮುಗಿಯುತ್ತದೆ. ಅದರ ಕೆಳಗೆ ಹಾಡಿನ ಹೆಸರು, ಕಲಾವಿದರು, ಆಮೇಲೆ ಬಿಡುಗಡೆಯ ಹೆಸರು, ವೃತ್ತದೊಳಗೆ ಪಿ ಅಕ್ಷರವಿರುವ ಹಕ್ಕಿನ ಸಾಲು, ತಾರೀಖು, ಸಂಗೀತ-ಸಾಹಿತ್ಯದವರ ಹೆಸರು. ಆ ಮೊದಲ ಸಾಲನ್ನು ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಮುಂತಾದ ವಿತರಕರ ಹೆಸರಿನ ಸಮೇತ ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕಕ್ಕೆ ಕನ್ನಡದ ಒಂದು ಪದ ಸೇರಿಸಿ, ಅಪ್‌ಲೋಡ್ ತಾರೀಖಿನ ಫಿಲ್ಟರನ್ನು ಈ ತಿಂಗಳಿಗೆ ಇಡಿ. ದೊಡ್ಡ ಆಡಿಯೋ ಕಂಪನಿಗಳ ಸಿನಿಮಾ ಹಾಡುಗಳು ಬಹುಮಟ್ಟಿಗೆ ಸೋಸಿಹೋಗಿ ಸ್ವಂತ ಖರ್ಚಿನಲ್ಲಿ ತಂದವು ಉಳಿಯುತ್ತವೆ.

ಹಕ್ಕಿನ ಸಾಲು ಇನ್ನೂ ಒಂದು ಸಂಗತಿ ಹೇಳುತ್ತದೆ. ಅಲ್ಲಿ ಕಲಾವಿದರ ಸ್ವಂತ ಹೆಸರೇ ಇದ್ದರೆ, ಅಥವಾ ಒಂದು ಉದ್ದ ಸಂಖ್ಯೆಯ ಮುಂದೆ ರೆಕಾರ್ಡ್ಸ್ ಡಿಕೆ ಎಂದಿದ್ದರೆ, ಲೇಬಲ್ ಇಲ್ಲದೆ ನೇರ ವಿತರಕರ ಮೂಲಕ ಬಂದದ್ದು (ಡಿಕೆ ಎಂದಿದ್ದರೆ ಡಿಸ್ಟ್ರೋಕಿಡ್) ಎಂದು ತಿಳಿಯಬಹುದು. ವರ್ಷವೂ ಅಲ್ಲೇ. ಬಿಡುಗಡೆ ತಾರೀಖು ಈ ವರ್ಷದ್ದಿದ್ದು ಹಕ್ಕಿನ ಸಾಲಿನಲ್ಲಿ 2016 ಎಂದಿದ್ದರೆ, ಅದು ವಿತರಕರನ್ನು ಬದಲಿಸಿದಾಗ ಮತ್ತೆ ಏರಿಸಿದ ಹಳೆಯ ಇಪಿ.

ಕೇಳುವ ಕ್ರಮ

ವಾರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಇಪಿ ಕೂಡಿಹಾಕಬೇಡಿ. ಪಟ್ಟಿ ಬೆಳೆದಷ್ಟೂ ಕೇಳುವುದು ಕಡಿಮೆಯಾಗುತ್ತದೆ. ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಒಂದೂವರೆ ನಿಮಿಷ: ಮೊದಲ ಹಾಡಿನ ಆರಂಭ, ಎರಡನೆಯದರ ನಡುಭಾಗ, ಕೊನೆಯ ಹಾಡಿನ ಆರಂಭ, ಮೂವತ್ತು ಮೂವತ್ತು ಸೆಕೆಂಡು. ಮೊದಲ ಹಾಡು ಎಲ್ಲರನ್ನೂ ಒಳಕರೆಯಲು ಇಟ್ಟದ್ದು, ಕೊನೆಯದರಲ್ಲಿ ಕಲಾವಿದರು ತಮಗೆ ಬೇಕಾದ್ದು ಮಾಡಿರುತ್ತಾರೆ. ಹನ್ನೆರಡಕ್ಕೆ ಹದಿನೆಂಟು ನಿಮಿಷ ಸಾಕು. ಮೂರನ್ನು ಉಳಿಸಿಕೊಂಡು ಅವನ್ನು ಮೊದಲಿಂದ ಕೊನೆಯವರೆಗೆ ಕೇಳಿದರೆ ಇನ್ನೊಂದು ಗಂಟೆ. ಆಂಬಿಯೆಂಟ್, ಡ್ರೋನ್, ರಾಗ ಸಂಗೀತಕ್ಕೆ ಈ ಜರಡಿ ಸಲ್ಲದು, ಬಿಡದೆ ಐದು ನಿಮಿಷವಾದರೂ ಕೊಡಬೇಕು.

ಜರಡಿ ಹಿಡಿಯುವಾಗ ಫೋನಿನ ಸ್ಪೀಕರ್ ಬೇಡ. ಅದರಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದು ಬಹುಪಾಲು ಕೇಳುವುದೇ ಇಲ್ಲ. ಡಬ್, ಟೆಕ್ನೋ, ಬೇಸ್ ಸಂಗೀತದ ಜೀವ ಇರುವುದೇ ಅಲ್ಲಿ. ಸಾಧಾರಣ ತಂತಿಯ ಇಯರ್‌ಫೋನ್ ಆದರೂ ಸಾಕು. ಸ್ಪಾಟಿಫೈ ಎಲ್ಲ ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುತ್ತದೆ, ಬ್ಯಾಂಡ್‌ಕ್ಯಾಂಪ್ ತರುವುದಿಲ್ಲ. ಅಲ್ಲಿ ಮೆಲುದನಿಯ ಇಪಿ ಪೇಲವ ಎನಿಸಿದರೆ ತಳ್ಳಿಹಾಕುವ ಮೊದಲು ವಾಲ್ಯೂಮ್ ಏರಿಸಿ ನೋಡಿ.

ಇಪಿ ಹದಿನೆಂಟು ನಿಮಿಷಕ್ಕೆ ಮುಗಿಯುತ್ತದೆ, ಆ್ಯಪ್ ಮಾತ್ರ ನಿಲ್ಲುವುದಿಲ್ಲ. ತನಗೆ ತೋಚಿದ ಬೇರೆಯವರ ಹಾಡನ್ನು ಅದೇ ಧಾಟಿಯಲ್ಲಿ ಮುಂದುವರಿಸುತ್ತದೆ. ಆರನೆಯ ಹಾಡು ಚೆನ್ನಾಗಿತ್ತು ಎಂದು ಐದು ಹಾಡಿನ ಇಪಿಯ ಬಗ್ಗೆ ಹೇಳುವ ಪ್ರಸಂಗ ಬರುವುದು ಹೀಗೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಬಂದ್ ಮಾಡಿ, ಶಫಲ್ ಕೂಡ.

ಈಗ ಯಂತ್ರವೇ ಹೆಣೆದ ಸಂಗೀತದ ರಾಶಿಯೂ ಇದೆ. ದಿನಕ್ಕೆ 20,000ಕ್ಕೂ ಹೆಚ್ಚು ಪೂರ್ತಿ ಎಐ ಟ್ರ್ಯಾಕ್‌ಗಳು ತನ್ನಲ್ಲಿಗೆ ಬರುತ್ತಿವೆ, ಅದು ಒಟ್ಟು ಬರುವುದರ ಶೇ. 18 ಎಂದು ಡೀಜರ್ ಎಂಬ ಸ್ಟ್ರೀಮಿಂಗ್ ಕಂಪನಿ 2025ರ ಏಪ್ರಿಲಿನಲ್ಲಿ ಹೇಳಿತ್ತು. ತಿಂಗಳಿಗೆ ಮೂರು-ನಾಲ್ಕು ಬಿಡುಗಡೆ, ನುಡಿಸಿದವರ ಹೆಸರಿಲ್ಲ, ಎಲ್ಲೂ ಕಾರ್ಯಕ್ರಮ ಕೊಟ್ಟ ಗುರುತಿಲ್ಲ, ಪ್ರತಿ ಹಾಡಿಗೂ ಒಂದೇ ಬಗೆಯ ಹೊಳೆಯುವ ಚಿತ್ರ: ಇವು ನಾಲ್ಕೂ ಒಟ್ಟಿಗೆ ಕಂಡರೆ ಬಿಟ್ಟುಬಿಡಿ. ಒಂದೇ ಲಕ್ಷಣ ಕಂಡು ತೀರ್ಮಾನಿಸಬೇಡಿ, ಕೋಣೆಯಲ್ಲಿ ಒಬ್ಬರೇ ಕೂತು ಸಂಗೀತ ಮಾಡುವ ಎಷ್ಟೋ ಜನ ವೇದಿಕೆ ಹತ್ತಿಯೇ ಇರುವುದಿಲ್ಲ.

ಕೇಳಿದ್ದನ್ನು ಬರೆದಿಡಿ. ತಾರೀಖು, ಹೆಸರು, ಊರು, ಲೇಬಲ್, ನಿಮಿಷ, ಮತ್ತು ಎಲ್ಲಿಂದ ಸಿಕ್ಕಿತು. ಕೊನೆಯ ಕಾಲಮ್ಮೇ ಎಲ್ಲಕ್ಕಿಂತ ಮುಖ್ಯ. ಮೂರು ತಿಂಗಳ ನಂತರ ನೋಡಿದರೆ ಯಾವ ರೇಡಿಯೋ, ಯಾವ ಲೇಬಲ್, ಯಾರ ಸಂಗ್ರಹ ನಿಮ್ಮ ಕಿವಿಗೆ ಒಗ್ಗಿತು ಎಂದು ಎದ್ದು ಕಾಣುತ್ತದೆ. ಏನೂ ಕೊಡದ ಮೂಲಗಳನ್ನು ಆಗ ಕೈಬಿಡಬಹುದು.

ಕೊಳ್ಳುವಾಗ

ಸ್ಟ್ರೀಮಿಂಗಿನಲ್ಲಿ ಒಂದು ಸಲ ಕೇಳಿದರೆ ಹಕ್ಕುದಾರರಿಗೆ ಸಿಗುವುದು ಅಂದಾಜು ಒಂದು ಸೆಂಟಿನ ಮೂರನೆಯ ಒಂದು ಭಾಗ. 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸದ ಹಾಡಿಗೆ ಅದೂ ಇಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಐದು ಡಾಲರಿನ ಇಪಿ ಕೊಂಡರೆ ತಾಣ ಶೇ. 15 ಹಿಡಿಯುತ್ತದೆ, ಪಾವತಿಯ ಶುಲ್ಕವೂ ಕಳೆದು ಕಲಾವಿದರ ಕೈಗೆ ನಾಲ್ಕು ಡಾಲರಿನಷ್ಟು ಹೋಗುತ್ತದೆ. ಅಷ್ಟು ಸ್ಟ್ರೀಮಿಂಗಿನಿಂದ ಬರಬೇಕಾದರೆ ಸಾವಿರಕ್ಕೂ ಹೆಚ್ಚು ಸಲ ಕೇಳಬೇಕು. 2020ರ ಮಾರ್ಚ್ 20ರಂದು ಮೊದಲ ಸಲ ನಡೆದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಂದು ತಾಣ ತನ್ನ ಪಾಲನ್ನು ಬಿಟ್ಟುಕೊಡುತ್ತದೆ. ಎಲ್ಲ ಶುಕ್ರವಾರವೂ ಅಲ್ಲ, ಮೊದಲೇ ಘೋಷಿಸಿದ ಕೆಲವು ಮಾತ್ರ.

ನಮ್ಮ ಕಾರ್ಡುಗಳು ಇಲ್ಲಿ ತಕರಾರು ಮಾಡುತ್ತವೆ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡಿನಲ್ಲಿ ಹೊರದೇಶದ ಆನ್‌ಲೈನ್ ಪಾವತಿ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ತೆರೆಯಿರಿ, ಮಿತಿಯನ್ನು ಸಾವಿರ ರೂಪಾಯಿಗೆ ಇಡಿ, ಕೊಂಡಾದ ಮೇಲೆ ಮತ್ತೆ ಮುಚ್ಚಿ. ಇನ್ನೊಂದು ಅಡ್ಡಿ ನಮ್ಮವರದ್ದನ್ನೇ ಕೊಳ್ಳುವಾಗ: ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ಹೀಗಾಗಿ ಕೊಳ್ಳುವವರೂ ಮಾರುವವರೂ ಭಾರತದವರೇ ಆಗಿ, ಹಣ ಪೇಪಾಲ್ ಖಾತೆಗೆ ಹೋಗಬೇಕಿದ್ದರೆ ಪಾವತಿ ಅಲ್ಲೇ ಸಿಕ್ಕಿಬೀಳುತ್ತದೆ. ಕಾರ್ಡಿನ ತಪ್ಪೆಂದು ಮತ್ತೆ ಮತ್ತೆ ಒತ್ತಬೇಡಿ. ಕಲಾವಿದರ ಪುಟದಲ್ಲಿ ಸಂಪರ್ಕದ ಕೊಂಡಿ ಇರುತ್ತದೆ. ಎರಡು ಸಾಲು ಬರೆದು ಯುಪಿಐನಲ್ಲಿ ಕಳಿಸಬಹುದೇ ಎಂದು ಕೇಳಿ. ಅವರು ತಮ್ಮ ಖಾತೆಯಿಂದ ಡೌನ್‌ಲೋಡ್ ಕೋಡ್ ತೆಗೆದು ಕೊಡಬಹುದು. ಕೋಡ್ ಹಾಕಿದ ಮೇಲೆ ಫಾರ್ಮ್ಯಾಟ್ ಕೇಳುತ್ತದೆ: ಇಟ್ಟುಕೊಳ್ಳಲು ಗುಣಮಟ್ಟ ಕುಗ್ಗದ ಫ್ಲ್ಯಾಕ್, ಫೋನಿಗೆ ಚಿಕ್ಕ ಗಾತ್ರದ ಎಂಪಿ3 320.